ಇಟಲಿಯ ಹಳೆಯ ಎಲ್‌ಪಿ: ಮೊದಲ ಮುದ್ರಣದ ಗುರುತೇನು?

ಪ್ರಶ್ನೆ: ಕೆಲಸದ ನಿಮಿತ್ತ ಟುರಿನ್‌ನಲ್ಲಿದ್ದೇನೆ. ಇಲ್ಲಿನ ಬಲೋನ್ ಸಂತೆಯಲ್ಲಿ ಇಟಲಿಯ ಗಾಯಕ ಫಾಬ್ರಿಝಿಯೊ ದೆ ಆಂದ್ರೆ ಅವರ ‘ವೊಲ್ಯೂಮ್ 1’ ಎಲ್‌ಪಿ (ಗ್ರಾಮಫೋನ್ ತಟ್ಟೆ) ಕಣ್ಣಿಗೆ ಬಿತ್ತು. ಮೊದಲ ಮುದ್ರಣವೆಂದು ವ್ಯಾಪಾರಿ ಭಾರೀ ಬೆಲೆ ಹೇಳುತ್ತಿದ್ದಾರೆ. ಕವರ್ ಹಳೆಯದಾಗಿಯೇ ಕಾಣುತ್ತದೆ. ನಂಬಬಹುದೇ?
– ಓದುಗರೊಬ್ಬರು, ಟುರಿನ್

ಉತ್ತರ: ಕವರ್ ನೋಡಿ ಹಣ ಕೊಡಬೇಡಿ. ಹಳೆಯ ಕವರಿನೊಳಗೆ ಈಚಿನ ತಟ್ಟೆ ಸೇರಿಕೊಂಡಿರುವುದು ಹೊಸತೇನಲ್ಲ. ಎಷ್ಟೋ ಸಲ ಅದು ಮೋಸವೂ ಆಗಿರುವುದಿಲ್ಲ; ಮನೆಯಲ್ಲಿದ್ದ ಎರಡು ಪ್ರತಿಗಳು ಅದಲುಬದಲಾಗಿರುತ್ತವೆ, ಅಷ್ಟೇ. ತಟ್ಟೆಯನ್ನು ಹೊರತೆಗೆದು ತೋರಿಸಲು ಹೇಳಿ.

ನಿಮ್ಮ ಪುಣ್ಯಕ್ಕೆ ಈ ಎಲ್‌ಪಿಯ ಮುಖ್ಯ ಗುರುತು ಹಾಡುಗಳ ಪಟ್ಟಿಯಲ್ಲೇ ಇದೆ. 1967ರಲ್ಲಿ ಬ್ಲೂಬೆಲ್ ಕಂಪನಿ ಹೊರತಂದ ಮೂಲ ಆವೃತ್ತಿಯಲ್ಲಿ ‘ಕಾರೊ ಅಮೋರೆ’ ಎಂಬ ಹಾಡಿತ್ತು. ಅದರ ರಾಗ ಸ್ಪೇನಿನ ಸಂಯೋಜಕ ಹೋಕಿನ್ ರೋಡ್ರಿಗೋ ಅವರ ಪ್ರಸಿದ್ಧ ಗಿಟಾರ್ ಕೃತಿಯಿಂದ ಬಂದದ್ದು. ಮುಂದೆ ಪ್ರೊದುತ್ತೋರಿ ಅಸೋಚಾತಿ ಎಂಬ ಕಂಪನಿ ಇದೇ ಎಲ್‌ಪಿಯನ್ನು ಮರುಮುದ್ರಿಸಿದಾಗ ಆ ಹಾಡಿನ ಜಾಗದಲ್ಲಿ ‘ಲಾ ಸ್ತಜೋನೆ ದೆಲ್ ತುವೋ ಅಮೋರೆ’ ಬಂತು. ಲೇಬಲ್ ಮೇಲೆ ಈ ಎರಡನೆಯ ಹೆಸರು ಕಂಡರೆ ಅದು ಮೊದಲ ಮುದ್ರಣವಲ್ಲ. ಚೌಕಾಸಿಯನ್ನು ಅಲ್ಲಿಂದಲೇ ಶುರುಮಾಡಬಹುದು.

ಬೇರೆ ಎಲ್‌ಪಿಗಳಲ್ಲಿ ಇಷ್ಟು ಸುಲಭದ ಗುರುತು ಸಿಗುವುದಿಲ್ಲ. ಆಗ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುಂಚಿನ ನುಣುಪಾದ ಪಟ್ಟಿಯಲ್ಲಿ ಸಣ್ಣ ಅಕ್ಷರ, ಅಂಕಿಗಳು ಮಿನುಗುತ್ತವೆ. ಇಟಲಿಯ ಎಷ್ಟೋ ತಟ್ಟೆಗಳಲ್ಲಿ ಕ್ಯಾಟಲಾಗ್ ಸಂಖ್ಯೆಯ ಜೊತೆಗೆ ದಿನ, ತಿಂಗಳು, ವರ್ಷವೂ ಇರುತ್ತದೆ. ಸಂಗ್ರಾಹಕರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಅದು ಅಚ್ಚಿನ ಮೂಲಪ್ರತಿಯನ್ನು ಕೊರೆದ ದಿನಾಂಕವೇ ಹೊರತು ನಿಮ್ಮ ಕೈಯಲ್ಲಿರುವ ತಟ್ಟೆ ಒತ್ತಿದ ದಿನಾಂಕವಲ್ಲ. ಒಂದೇ ಮೂಲದಿಂದ ವರ್ಷಗಟ್ಟಲೆ ಪ್ರತಿಗಳನ್ನು ತೆಗೆಯುತ್ತಿದ್ದರು. ಆದ್ದರಿಂದ ದಿನಾಂಕ ಬಿಡುಗಡೆಗಿಂತ ತೀರಾ ಈಚಿನದಾಗಿದ್ದರೆ ಮೊದಲ ಮುದ್ರಣವಲ್ಲವೆಂದು ಹೇಳಬಹುದು. ಹಳೆಯದಾಗಿದ್ದರೆ ಅಷ್ಟರಿಂದಲೇ ಹೌದೆನ್ನಲು ಬರುವುದಿಲ್ಲ. ಲೇಬಲ್ಲಿನ ವಿನ್ಯಾಸ, ಕಂಪನಿಯ ಹೆಸರು, ಹಕ್ಕುಸ್ವಾಮ್ಯ ಸಂಸ್ಥೆಯಾದ ಸಿಯಾಯೆಯ ಶಾಯಿ ಮುದ್ರೆ, ಇವೂ ಆ ಕಾಲಕ್ಕೆ ಹೊಂದಬೇಕು.

ಬಿಡುಗಡೆಯ ವರ್ಷವನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಇಟಲಿಯ ಇನ್ನೊಬ್ಬ ಗಾಯಕ ಲೂಚೊ ಬತ್ತಿಸ್ತಿ ಅವರ ‘ಅಮೋರೆ ಎ ನೊನ್ ಅಮೋರೆ’ 1970ರಲ್ಲೇ ಧ್ವನಿಮುದ್ರಣಗೊಂಡಿತ್ತು. ರಿಕೋರ್ಡಿ ಕಂಪನಿ ಅದನ್ನು ತಡೆದಿಟ್ಟು ಅವರದೇ ಇನ್ನೊಂದು ಎಲ್‌ಪಿ ‘ಎಮೊತ್ಸಿಯೋನಿ’ಯನ್ನು ಮೊದಲು ತಂದಿತು, ‘ಅಮೋರೆ ಎ ನೊನ್ ಅಮೋರೆ’ ಅಂಗಡಿಗೆ ಬಂದದ್ದು 1971ರಲ್ಲಿ. ಇಂಥ ಕಡೆ ತಟ್ಟೆಯ ಮೇಲಿನ ದಿನಾಂಕ ಬಿಡುಗಡೆಗಿಂತ ಹಿಂದಿನದಾಗಿದ್ದರೆ ಗಾಬರಿಯಾಗಬೇಕಿಲ್ಲ.

ದೆ ಆಂದ್ರೆಯವರ ಹಾಡುಗಳನ್ನು ಕೇಳಲೆಂದೇ ಕೊಳ್ಳುವುದಾದರೆ ನನ್ನ ಸಲಹೆ ಬೇರೆ: ಗೀರು ತುಂಬಿದ ಬ್ಲೂಬೆಲ್ ಪ್ರತಿಗಿಂತ ಶುಭ್ರವಾದ ಮರುಮುದ್ರಣವೇ ಮೇಲು. ಆ ಧ್ವನಿಯ ತಗ್ಗಿನ ಸ್ವರಗಳು ಚಟಪಟ ಸದ್ದಿನಡಿ ಹೂತುಹೋಗಬಾರದು.

ಪ್ರಶ್ನೆ: ಗಾಯಕಿ ಮಿನಾ ಅವರ ಎಲ್‌ಪಿಗಳನ್ನು ಇಟಲಿಯಿಂದ ಮೈಸೂರಿಗೆ ತರಿಸಬೇಕೆಂದಿದ್ದೇನೆ. ಏನು ಎಚ್ಚರ ವಹಿಸಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಕಂಪನಿಯ ಹೆಸರು ನೋಡಿ. ಮಿನಾ ಇಟಲ್‌ಡಿಸ್ಕ್, ಆಮೇಲೆ ರಿ-ಫಿ ಕಂಪನಿಗಳಿಗೆ ಹಾಡಿ, 1967ರಲ್ಲಿ ಪಿಡಿಯು ಎಂಬ ತಮ್ಮದೇ ಕಂಪನಿ ಕಟ್ಟಿದರು. 1960ರ ದಶಕದ ಆರಂಭದ ಎಲ್‌ಪಿ ಎಂದು ಹೇಳಿ ಪಿಡಿಯು ಲೇಬಲ್ ತೋರಿಸಿದರೆ ಮುಂದಿನ ಮಾತೇ ಬೇಡ.

ಹಣ ಕಳಿಸುವ ಮುನ್ನ ಎರಡೂ ಬದಿಯ ಲೇಬಲ್ ಮತ್ತು ನುಣುಪು ಪಟ್ಟಿಯ ಚಿತ್ರಗಳನ್ನು ತರಿಸಿಕೊಳ್ಳಿ. ತಟ್ಟೆಯನ್ನು ಕವರಿನಿಂದ ಹೊರಗಿಟ್ಟು, ಎರಡನ್ನೂ ಗಟ್ಟಿ ರಟ್ಟುಗಳ ನಡುವೆ ಬೇರೆಬೇರೆಯಾಗಿ ಕಟ್ಟಲು ಹೇಳಿ. ಇಲ್ಲದಿದ್ದರೆ ದಾರಿಯಲ್ಲಿ ತಟ್ಟೆಯ ಅಂಚು ಕವರಿನ ಹೊಲಿಗೆಯನ್ನು ಸೀಳುತ್ತದೆ. ಸಾಗಣೆಯ ಜೊತೆಗೆ ಕಸ್ಟಮ್ಸ್ ಸುಂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಾರ್ಸೆಲ್ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಗೋದಾಮುಗಳಲ್ಲಿ ಕೂರದಂತೆ ಮಳೆಗಾಲ ಕಳೆದ ಮೇಲೆ ತರಿಸಿ. ಬಂದ ಮೇಲೆ ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ.