ಜ್ವರ ಬಂದಿತ್ತು ಅಂತ ಹೇಳಿದ್ದು ತಪ್ಪಾ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಅಡಿಕೆ ತೋಟ ಇದೆ. ಆಂಜಿಯೋಗ್ರಾಮ್‌ನಲ್ಲಿ ಮೂರು ಬ್ಲಾಕ್ ಕಂಡು, ಬೈಪಾಸ್‌ಗೆ ದಿನ ಕೊಟ್ಟಿದ್ದರು. ಅಡ್ಮಿಟ್ ಆಗೋಕೆ ಹತ್ತು ದಿನ ಇರುವಾಗ ಮನೆಮಂದಿಗೆಲ್ಲ ಜ್ವರ ಬಂತು, ಅವರಿಗೂ ಬಂತು. ಪರೀಕ್ಷೆಯಲ್ಲಿ ಫ್ಲೂ ಅಂತ ಬಂತು. ಜ್ವರ ಮೂರೇ ದಿನಕ್ಕೆ ಇಳಿಯಿತು, ಕೆಮ್ಮು ಉಳಿದಿದೆ. ಆಸ್ಪತ್ರೆಯಲ್ಲಿ ನಾನು ಇದನ್ನು ಹೇಳಿದ ಕೂಡಲೇ ಆಪರೇಷನ್ ಐದಾರು ವಾರ ಮುಂದೆ ಹಾಕಿದರು. "ನೀನು ಸುಮ್ನೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು" ಅಂತ ಅಣ್ಣ ಮಾತು ಬಿಟ್ಟಿದ್ದಾನೆ. ಅಷ್ಟರಲ್ಲಿ ಅಟ್ಯಾಕ್ ಆದರೆ ಅನ್ನೋ ಭಯಕ್ಕೆ ನನಗೂ ನಿದ್ದೆ ಇಲ್ಲ. ಹೇಳಿದ್ದು ತಪ್ಪಾ?
— ಓದುಗರೊಬ್ಬರು, ಸಾಗರ

ಉತ್ತರ: ತಪ್ಪಲ್ಲಮ್ಮ. ನೀವು ಮಾಡಿದ್ದು ಸರಿ. ಈ ಉತ್ತರವನ್ನು ನಿಮ್ಮ ಅಣ್ಣನಿಗೂ ಓದೋಕೆ ಕೊಡಿ.

ಹೃದಯದ ಆಪರೇಷನ್‌ಗಳಲ್ಲಿ ಅನಸ್ತೇಷಿಯಾ ಕೊಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಬೈಪಾಸ್‌ಗೆ ಬಂದಿದ್ದರು. ಜ್ವರ ಇದೆಯಾ ಅಂತ ಕೇಳಿದೆ, ಇಲ್ಲ ಅಂದರು. ಚಾರ್ಟಿನಲ್ಲೂ ಇರಲಿಲ್ಲ, ಎಕ್ಸ್-ರೇ ಕೂಡ ಚೆನ್ನಾಗಿತ್ತು. ಆಪರೇಷನ್ ಸಲೀಸಾಗಿ ಆಯಿತು. ಸಾಮಾನ್ಯವಾಗಿ ಅವತ್ತೇ ಸಂಜೆ ಅಥವಾ ಮಾರನೇ ಬೆಳಿಗ್ಗೆ ಉಸಿರಿನ ಟ್ಯೂಬ್ ತೆಗೆಯುತ್ತೇವೆ. ಇವರಿಗೆ ವೆಂಟಿಲೇಟರ್ ಸ್ವಲ್ಪ ಕಡಿಮೆ ಮಾಡಿದರೂ ಸಾಕು, ಆಕ್ಸಿಜನ್ ಇಳಿಯುತ್ತಿತ್ತು. ಟ್ಯೂಬ್‌ಗೆ ಸಕ್ಷನ್ ಹಾಕಿದಾಗಲೆಲ್ಲ ಅಂಟಂಟಾದ ಹಳದಿ ಕಫ. ಟ್ಯೂಬ್ ತೆಗೆದದ್ದು ಒಂಬತ್ತನೇ ದಿನ. ಬದುಕಿದರು, ನಡೆದುಕೊಂಡೇ ಮನೆಗೆ ಹೋದರು. ಹೊರಡುವ ದಿನ ಲಿಫ್ಟ್ ಹತ್ತಿರ ಅವರ ಮಗ ತಲೆ ತಗ್ಗಿಸಿಕೊಂಡು ಹೇಳಿದ: "ಮೇಡಂ, ವಾರದ ಹಿಂದೆ ಜ್ವರ ಇತ್ತು. ಡೇಟ್ ತಪ್ಪಿಹೋಗುತ್ತೆ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕರೆದುಕೊಂಡು ಬಂದೆವು." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ನಾನು ಕೇಳಿದ್ದು "ಜ್ವರ ಇದೆಯಾ" ಅಂತ ಮಾತ್ರ. "ಒಂದೆರಡು ತಿಂಗಳಲ್ಲಿ ಮನೆಯಲ್ಲಿ ಯಾರಿಗಾದರೂ ಬಂದಿತ್ತಾ" ಅಂತ ಕೇಳಿರಲಿಲ್ಲ. ಈಗ ಪ್ರತಿಯೊಬ್ಬರಿಗೂ ಕೇಳುತ್ತೇನೆ.

ಜ್ವರ ಇಳಿದರೂ ಯಾಕೆ ಕಾಯಬೇಕು? ವೈರಸ್ ಬಂದುಹೋದ ಮೇಲೂ ಶ್ವಾಸನಾಳದ ಒಳಪದರ ಹಸಿಗಾಯದ ಹಾಗೆ ಇರುತ್ತದೆ, ಮಾಗೋಕೆ ಐದಾರು ವಾರ ಬೇಕು. ಬೈಪಾಸ್‌ನಲ್ಲಿ ಹಾರ್ಟ್-ಲಂಗ್ ಮಷೀನ್ (ಹೃದಯ, ಶ್ವಾಸಕೋಶದ ಕೆಲಸವನ್ನು ಆ ಹೊತ್ತಿಗೆ ತಾನೇ ಮಾಡುವ ಯಂತ್ರ) ಓಡುವಾಗ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸುತ್ತೇವೆ. ಅದು ಗಾಳಿ ಹೋದ ಬಲೂನಿನ ಹಾಗೆ ಕುಗ್ಗಿ, ಆಮೇಲೆ ಮತ್ತೆ ಅರಳಬೇಕು. ರಕ್ತ ಮಷೀನಿನ ಪ್ಲಾಸ್ಟಿಕ್ ಟ್ಯೂಬ್‌ಗಳಲ್ಲಿ ಸುತ್ತಿ ಬರುವುದರಿಂದಲೇ ಮೈಯಲ್ಲಿ ಉರಿಯೂತ ಏಳುತ್ತದೆ. ಮೊದಲೇ ವೈರಸ್‌ನಿಂದ ಉರಿಯೂತ ಇದ್ದರೆ ಎರಡೂ ಸೇರುತ್ತವೆ. ನ್ಯುಮೋನಿಯಾ ಆಗಬಹುದು, ಹೃದಯದ ಬಡಿತ ತಾಳ ತಪ್ಪಬಹುದು, ರಕ್ತ ಬೇಗ ಹೆಪ್ಪುಗಟ್ಟಬಹುದು. ಇನ್ನೊಂದು ವಿಷಯ, ಎದೆಮೂಳೆಯನ್ನು ಸೀಳಿ ಆಮೇಲೆ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಆಪರೇಷನ್ ಆದವರು ಒಂದು ಸಲ ಕೆಮ್ಮಬೇಕಾದರೂ ದಿಂಬನ್ನು ಎದೆಗೆ ಅಪ್ಪಿ ಹಿಡಿದು, ಕಣ್ಣು ಮುಚ್ಚಿ ಕೆಮ್ಮುತ್ತಾರೆ. ದಿನಕ್ಕೆ ನೂರು ಸಲ ಕೆಮ್ಮುವವರ ಗತಿ ಏನು ಹೇಳಿ?

ಕೋವಿಡ್ ಕಾಲದ ಒಂದು ದೊಡ್ಡ ಅಧ್ಯಯನ ಇದೆ. 2020ರ ಅಕ್ಟೋಬರ್‌ನಲ್ಲಿ 116 ದೇಶಗಳಲ್ಲಿ ಬೇರೆ ಬೇರೆ ಆಪರೇಷನ್ ಆದ 1,40,231 ಜನರ ಲೆಕ್ಕ ಅದು. ಕೋವಿಡ್ ಬರದವರಲ್ಲಿ 30 ದಿನದೊಳಗೆ ತೀರಿಕೊಂಡವರು 100ಕ್ಕೆ 1.5. ಸೋಂಕು ಗೊತ್ತಾಗಿ ಎರಡು ವಾರದೊಳಗೆ ಆಪರೇಷನ್ ಆದವರಲ್ಲಿ 4.1. ಏಳು ವಾರ ಕಾದವರಲ್ಲಿ ಮತ್ತೆ 1.5. ಆದರೆ ಏಳು ವಾರ ಆದರೂ ಕೆಮ್ಮು, ಏದುಸಿರಿನಂಥ ತೊಂದರೆ ಉಳಿದವರಲ್ಲಿ 6. ಅದು ಲಸಿಕೆ ಬರುವ ಮೊದಲಿನ ಕೋವಿಡ್, ನಿಮ್ಮ ತಂದೆಗೆ ಬಂದದ್ದು ಫ್ಲೂ, ಹಾಗಾಗಿ ಅಂಕಿಗಳನ್ನು ಹಾಗೇ ತಂದು ಇಲ್ಲಿ ಕೂರಿಸಬಾರದು. ನನಗೆ ಮುಖ್ಯ ಅನಿಸುವುದು ಕೊನೆಯ ಸಂಖ್ಯೆ. ಬರೀ ಕ್ಯಾಲೆಂಡರ್ ನೋಡಿದರೆ ಸಾಲದು, ಕೆಮ್ಮು ನಿಂತಿದೆಯಾ ಅಂತಲೂ ನೋಡಬೇಕು.

ನಿಮ್ಮ ಭಯಕ್ಕೂ ಅರ್ಥ ಇದೆ. ಫ್ಲೂ ಬಂದ ಮೊದಲ ವಾರದಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು ಆರು ಪಟ್ಟು ಜಾಸ್ತಿ ಅಂತ 2018ರಲ್ಲಿ ಕೆನಡಾದ ವೈದ್ಯರು ತೋರಿಸಿದ್ದಾರೆ. ನಿಮ್ಮ ತಂದೆ ಆ ವಾರ ದಾಟಿದ್ದಾರೆ. ಆದರೂ ಸುಮ್ಮನೆ ಕೂತಿದ್ದಾಗ ಎದೆ ಹಿಡಿದುಕೊಂಡರೆ, ಮೊದಲಿಗಿಂತ ಕಡಿಮೆ ನಡೆದರೂ ನೋವು ಬಂದರೆ ಕಾಯಬೇಡಿ. ನಾಲಿಗೆ ಕೆಳಗಿನ ಮಾತ್ರೆ ಬರೆದುಕೊಟ್ಟಿದ್ದರೆ ಕೂರಿಸಿ ಕೊಡಿ. ಐದು ನಿಮಿಷದಲ್ಲಿ ಕಡಿಮೆ ಆಗಲಿಲ್ಲವಾ, 108ಕ್ಕೆ ಫೋನ್ ಮಾಡಿ. ಅಂಥ ಹೊತ್ತಲ್ಲಿ ಕೆಮ್ಮಿದ್ದರೂ ನಾವು ಕೈಕಟ್ಟಿ ಕೂರುವುದಿಲ್ಲ. ಕಾಯುವುದು ಕಾಯಬಹುದಾದವರಿಗೆ ಮಾತ್ರ.

ಇವತ್ತೇ ಒಂದು ಕೆಲಸ ಮಾಡಿ. ಬೈಪಾಸ್‌ಗೆ ಐದು ದಿನ ಮೊದಲು ಕ್ಲೋಪಿಡೋಗ್ರೆಲ್ ಅನ್ನೋ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಡೇಟ್ ಮುಂದೆ ಹೋಗುತ್ತದೆ, ಆದರೆ ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಶುರುಮಾಡಬೇಕಾ ಅಂತ ಯಾರೂ ಕೇಳುವುದಿಲ್ಲ. ನಾನು ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮಾತ್ರೆ ಡಬ್ಬಿ ಮುಂದಿಟ್ಟುಕೊಂಡು ಆಸ್ಪತ್ರೆಗೆ ಫೋನ್ ಮಾಡಿ, ಒಂದೊಂದೇ ಹೆಸರು ಓದಿ ಕೇಳಿ. ಮೂಗು ಕಟ್ಟಿದೆ ಅಂತ ಅಂಗಡಿಯ ನೆಗಡಿ ಮಾತ್ರೆ ಕೊಡಬೇಡಿ, ಕೆಲವು ಬಿಪಿ ಏರಿಸುತ್ತವೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಉಸಿರಿನ ವ್ಯಾಯಾಮಕ್ಕೆ ಮೂರು ಬಾಲ್‌ಗಳ ಸ್ಪೈರೋಮೀಟರ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಅದನ್ನು ಊದುವುದಲ್ಲ, ನಿಧಾನಕ್ಕೆ ಒಳಗೆ ಎಳೆಯಬೇಕು. ಯಾವಾಗಿಂದ, ಎಷ್ಟು ಅಂತ ಡಾಕ್ಟರನ್ನು ಕೇಳಿ ಶುರುಮಾಡಿಸಿ. ಬೀಡಿ ಸೇದುತ್ತಿದ್ದರೆ ಬಿಡಿಸೋಕೆ ಇದೇ ಸಮಯ.

ಪ್ರಶ್ನೆ: ನಮ್ಮ ಯಜಮಾನರಿಗೆ ಸ್ಟೆಂಟ್ ಹಾಕಿ ನಾಲ್ಕು ತಿಂಗಳು. ನಮ್ಮ ಬೀದಿಯಲ್ಲಿ ಡೆಂಗಿ ಜಾಸ್ತಿಯಾಗಿದೆ. ಬಂದರೆ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕಾ?
— ಗೃಹಿಣಿ, ದಾವಣಗೆರೆ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು, ಪ್ಲೇಟ್‌ಲೆಟ್ ತೀರಾ ಇಳಿದಾಗ ತಗೊಂಡರೆ ರಕ್ತಸ್ರಾವ ಆಗಬಹುದು. ಪ್ಲೇಟ್‌ಲೆಟ್ ಎಷ್ಟಿದೆ, ಸ್ಟೆಂಟ್ ಹಾಕಿ ಎಷ್ಟು ದಿನ ಆಯಿತು, ಒಸಡಿನಲ್ಲಿ ರಕ್ತ ಅಥವಾ ಕಪ್ಪು ಮಲ ಇದೆಯಾ, ಇಷ್ಟನ್ನೂ ನೋಡಿ ಡಾಕ್ಟರ್ ನಿರ್ಧರಿಸುತ್ತಾರೆ. ಹಾಗಾಗಿ ಜ್ವರ ಬಂದ ಮೊದಲ ದಿನವೇ ಸ್ಟೆಂಟ್ ಕಾರ್ಡ್ ಹಿಡಿದು ಹೋಗಿ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಡೆಂಗಿಯಲ್ಲಿ ಜಾಸ್ತಿ ಅಪಾಯ. ವಾಸಿಯಾಯಿತು ಅಂತ ಮನೆಗೆ ಓಡಿ ಬರಬೇಡಿ.