ಬಿಲ್ಟಿಯಲ್ಲಿ ‘ಓನರ್ಸ್ ರಿಸ್ಕ್’ ಅಂತಿದ್ದರೆ ನೆನೆದ ಅಕ್ಕಿಯ ದುಡ್ಡು ಹೋದಂತೆಯೇ?

ಸಿಂಧನೂರಿನಿಂದ ಕೇರಳಕ್ಕೆ ಕಳಿಸಿದ ಅಕ್ಕಿ ಲೋಡಿನಲ್ಲಿ ಒಂದಷ್ಟು ಚೀಲ, ಲಾರಿಯ ತಾಡಪತ್ರಿ ಹರಿದಿದ್ದರಿಂದ, ಮಳೆಗೆ ನೆನೆದು ಹೋಗಿವೆ. ಟ್ರಾನ್ಸ್‌ಪೋರ್ಟ್‌ನವರು ಬಿಲ್ಟಿ, ಅಂದರೆ ಸರಕು ಬುಕ್ ಮಾಡಿದ ರಸೀದಿ ತೋರಿಸಿ, ‘ಓನರ್ಸ್ ರಿಸ್ಕ್ (ನಷ್ಟವಾದರೆ ಸರಕಿನ ಮಾಲೀಕನದೇ ಹೊಣೆ) ಅಂತ ಪ್ರಿಂಟ್ ಆಗಿದೆ, ನಮಗೆ ಸಂಬಂಧ ಇಲ್ಲ’ ಅಂತಿದ್ದಾರೆ. ಕೇಸ್ ಹಾಕಲೋ ಬಿಟ್ಟುಬಿಡಲೋ ಅಂತ ಕೇಳಿದ್ದೀರಿ. ಇದೇ ಮಾತನ್ನು ನನಗೂ ಹೇಳಿದ್ದರು. ಮೊದಲ ಸಲ ನಾನು ನಂಬಿ ಸುಮ್ಮನೆ ಮನೆಗೆ ಬಂದಿದ್ದೆ.

ಬಳ್ಳಾರಿ ಕೌಲ್ ಬಜಾರಿನಲ್ಲಿ ನಮ್ಮದು ಚಿಕ್ಕ ಜೀನ್ಸ್ ಯೂನಿಟ್. ನಾಗಪುರದ ಪಾರ್ಟಿಗೆ ಒಂದು ಬಂಡಲ್ ಕಳಿಸಬೇಕಿತ್ತು. 180 ಪ್ಯಾಂಟು, ಬಿಲ್ 72,000. ಪಾರ್ಸೆಲ್ ಆಫೀಸಿನ ಹುಡುಗ ಕಾರ್ಬನ್ ಮೂರನೇ ಹಾಳೆಗೂ ಇಳಿಯಲಿ ಅಂತ ಒತ್ತಿ ಒತ್ತಿ ಬರೆಯುತ್ತಿದ್ದ. ‘ವ್ಯಾಲ್ಯೂ ಎಷ್ಟು ಹಾಕ್ಲಿ ಅಣ್ಣಾ? ರಿಸ್ಕ್ ಚಾರ್ಜ್ ಹಾಕ್ಲಾ?’ ಅಂದ. ರಿಸ್ಕ್ ಚಾರ್ಜ್ ಅಂದರೆ ಸರಕಿನ ಹೊಣೆಯನ್ನು ಅವರು ಹೆಚ್ಚು ಹೊರಲಿ ಅಂತ ಬಾಡಿಗೆಯ ಮೇಲೆ ಕಟ್ಟುವ ದುಡ್ಡು. ಎಷ್ಟಾಗುತ್ತೆ ಅಂದರೆ ನೂರೈವತ್ತರ ಆಸುಪಾಸು. ‘ಅದೆಲ್ಲ ಬೇಡ, ಸುಮ್ನೆ ಐದು ಸಾವಿರ ಹಾಕು’ ಅಂದೆ. ಸಹಿ ಹಾಕಿದೆ. ಬಾಡಿಗೆ 600. ಬಂಡಲ್ ನಡುವೆ ಯಾವುದೋ ಗೋಡೌನಿನಲ್ಲಿ ಮಾಯವಾಯಿತು.

ಈಗ ಲೆಕ್ಕ ನೋಡಿ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸರಕು ಕಳಿಸುವವನು ಫಾರ್ವರ್ಡಿಂಗ್ ನೋಟ್, ಅಂದರೆ ಸರಕಿನ ವಿವರದ ಚೀಟಿ ಕೊಡಬೇಕು, ಅದರಲ್ಲಿ ಬೆಲೆ ಬರೆದಿರಬೇಕು. ಟ್ರಾನ್ಸ್‌ಪೋರ್ಟ್‌ನವರು ರಸೀದಿ ಕೊಡಬೇಕು. ನಾವು ಎಲ್‌ಆರ್, ಬಿಲ್ಟಿ ಅನ್ನೋದು ಅದನ್ನೇ. ಸರಕು ಹಾಳಾದರೆ ಅಥವಾ ಕಳೆದರೆ ಅವರು ಕೊಡಬೇಕಾದ್ದು ಹೆಚ್ಚೆಂದರೆ ಬಾಡಿಗೆಯ ಹತ್ತು ಪಟ್ಟು. ಅದೂ ನೀವು ಬರೆದ ಬೆಲೆಯನ್ನು ದಾಟುವ ಹಾಗಿಲ್ಲ. ನನ್ನ ಬಾಡಿಗೆಯ ಹತ್ತು ಪಟ್ಟು 6,000. ನಾನು ಬರೆಸಿದ್ದು 5,000. ಹಾಗಾಗಿ ನನ್ನ 72,000ಕ್ಕೆ ಸಿಕ್ಕಿದ್ದು ಐದು ಸಾವಿರ.

‘ನಿಜವಾದ ಬೆಲೆ ಬರೆಸಿದ್ದರೆ ಆಗ್ತಿತ್ತಲ್ವಾ?’ ಅಂತ ನಮ್ಮ ತಮ್ಮ ಕೇಳಿದ. ಇಲ್ಲ. ಬರೀ ಬೆಲೆ ಬರೆಸಿದ್ದರೂ ಸಾವಿರ ಜಾಸ್ತಿ ಬಂದು ಆರು ಸಾವಿರಕ್ಕೆ ನಿಲ್ಲುತ್ತಿತ್ತು. ಬೆಲೆಯನ್ನೂ ಬರೆಸಿ, ಆ ಹೆಚ್ಚಿನ ರಿಸ್ಕ್ ದರವನ್ನೂ ಕಟ್ಟಿದ್ದರೆ ಮಾತ್ರ ಹತ್ತು ಪಟ್ಟಿನ ಗೆರೆ ದಾಟಬಹುದಿತ್ತು. ಎರಡೂ ಬೇಕು. ಇ-ವೇ ಬಿಲ್‌ನಲ್ಲಿ 72,000 ಇತ್ತು, ಇನ್ವಾಯ್ಸ್‌ನಲ್ಲೂ ಇತ್ತು. ಅದನ್ನು ಹಿಡಿದುಕೊಂಡು ಅವರ ಆಫೀಸಿಗೆ ಹೋಗಿ ಜಗಳ ಮಾಡಿದೆ. ಮ್ಯಾನೇಜರ್ ನಾನು ಸಹಿ ಹಾಕಿದ ಹಾಳೆಯನ್ನು ಟೇಬಲ್ ಮೇಲೆ ತಿರುಗಿಸಿ ಇಟ್ಟ, ಅಷ್ಟೇ. ನೂರೈವತ್ತು ರೂಪಾಯಿ ಉಳಿಸಿದ ಜಾಣ ನಾನು.

ನಾಗಪುರದವರು ದುಡ್ಡು ಕೊಡಲಿಲ್ಲ, ಅದು ಸರಿಯೇ. ವ್ಯಾಪಾರ ಅವರ ಊರಿಗೆ ತಲುಪಿಸುವ ಮಾತಿನ ಮೇಲಿತ್ತು. ಹಾಗೆ ಮಾತಾಗಿರದಿದ್ದರೆ, ಸರಕನ್ನು ಲಾರಿಯವರ ಕೈಗೆ ಕೊಟ್ಟರೆ ಖರೀದಿದಾರನಿಗೆ ಕೊಟ್ಟಂತೆಯೇ ಅಂತ 1930ರ ಸರಕು ಮಾರಾಟ ಕಾಯ್ದೆ ಮೇಲ್ನೋಟಕ್ಕೆ ಒಪ್ಪುತ್ತದೆ. ನಿಮ್ಮ ಬಿಲ್‌ನಲ್ಲಿ ಏನಿದೆ ಅಂತ ಮೊದಲು ನೋಡಿಕೊಳ್ಳಿ. ನಷ್ಟ ನಿಮ್ಮದೋ ಪಾರ್ಟಿಯದೋ ಅನ್ನೋದೇ ಇನ್ನೂ ಗೊತ್ತಿಲ್ಲ ಅನ್ನಿಸುತ್ತೆ.

ಇನ್ನು ನಿಮ್ಮ ಪ್ರಶ್ನೆ. ನೀವು ಎರಡು ಪದ ಹಿಡಿದುಕೊಂಡು ಹೆದರಿದ್ದೀರಿ. ಹೆದರಬೇಕಾದ್ದು ಅದಕ್ಕಲ್ಲ. ‘ಓನರ್ಸ್ ರಿಸ್ಕ್’ ಅಂತ ಪ್ರಿಂಟ್ ಹಾಕಿದ ಮಾತ್ರಕ್ಕೆ ಅಜಾಗರೂಕತೆಯ ಹೊಣೆ ಹೋಗುವುದಿಲ್ಲ. ಗೋಡೌನಿಗೆ ಬೆಂಕಿ ಬಿದ್ದು ಸರಕು ಸುಟ್ಟ ಒಂದು ಕೇಸಿನಲ್ಲಿ 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಅದು 1865ರ ಹಳೇ ಕಾಯ್ದೆಯ ಕೇಸು. ಆದರೆ ಹೊಸ ಕಾಯ್ದೆಯೂ ಆ ವಿಷಯದಲ್ಲಿ ಮೆತ್ತಗಾಗಿಲ್ಲ. ‘ಮಳೆ ದೇವರ ಕೈಲಿದೆ’ ಅಂತಲೂ ಅಂತಾರೆ, ಕೇಳಬೇಡಿ. ದೈವಕೃತ ಘಟನೆಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ನಿಜ. ಆದರೆ ಎಚ್ಚರ ವಹಿಸಿದ್ದರೆ ತಪ್ಪಿಸಬಹುದಿತ್ತು ಅಂದರೆ ಆ ವಿನಾಯಿತಿ ಸಿಗುವುದಿಲ್ಲ. ಮಳೆಗಾಲದಲ್ಲಿ ಕೇರಳಕ್ಕೆ ಹೊರಟ ಲಾರಿ ಮೇಲೆ ಹರಿದ ತಾಡಪತ್ರಿ ಹಾಕಿದ್ದು ದೇವರಲ್ಲ.

‘ನಾನು ಬರೀ ಬ್ರೋಕರ್’ ಅಂತ ಬುಕಿಂಗ್ ಆಫೀಸಿನವರು ಅಂದರೆ ಅದನ್ನೂ ಒಪ್ಪಬೇಡಿ. ಕಾಯ್ದೆಯ ವ್ಯಾಖ್ಯೆಯಲ್ಲಿ ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರೂ ಬರುತ್ತಾರೆ.

ನನ್ನ ಬಂಡಲ್ ಹಗುರ, ಬೆಲೆ ಜಾಸ್ತಿ. ನಿಮ್ಮ ಅಕ್ಕಿ ಭಾರ, ಬಾಡಿಗೆಯೂ ದೊಡ್ಡದು. ಬಾಡಿಗೆ 55,000, ಹಾನಿ 80,000 ಅಂತ ಬರೆದಿದ್ದೀರಿ. ಹತ್ತು ಪಟ್ಟು ಅಂದರೆ ಐದೂವರೆ ಲಕ್ಷ. ನನ್ನನ್ನು ಮುಳುಗಿಸಿದ ಮಿತಿ ನಿಮ್ಮನ್ನು ಮುಟ್ಟುವುದೇ ಇಲ್ಲ! ಬಿಲ್ಟಿಯಲ್ಲಿ ಬೆಲೆಯ ಕಾಲಂ ಖಾಲಿ ಇಲ್ಲ ತಾನೇ, ನೋಡಿಕೊಳ್ಳಿ.

ನೀವು ನಿಜವಾಗಿ ಹೆದರಬೇಕಾದ್ದು ತಾರೀಖಿಗೆ. ಕೇಸ್ ಹಾಕುವ ಮೊದಲು ಟ್ರಾನ್ಸ್‌ಪೋರ್ಟ್‌ನವರಿಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು, ಬುಕ್ ಮಾಡಿದ ದಿನದಿಂದ 180 ದಿನದೊಳಗೆ. ಸರಕು ತಲುಪಿದ ದಿನದಿಂದ ಅಲ್ಲ. ‘ಮಾತಾಡೋಣ, ಹೆಡ್ ಆಫೀಸಿಗೆ ಕೇಳಿದ್ದೀವಿ, ದೀಪಾವಳಿ ಆಗಲಿ’ ಅಂತ ಅವರು ದಿನ ತಳ್ಳುವುದು ಬರೀ ಸೋಮಾರಿತನ ಅಲ್ಲ ಅಂತ ನನ್ನ ಅನುಮಾನ. ಮಾತುಕತೆ ನಡೆಯಲಿ, ನೋಟಿಸ್ ಈ ವಾರವೇ ಹೋಗಲಿ. ವಾಟ್ಸ್ಆ್ಯಪ್ ಮೆಸೇಜ್ ನಂಬಿ ಕೂರಬೇಡಿ.

ಬಾಕಿ ಬಾಡಿಗೆಯಲ್ಲಿ ಹಿಡಿದುಕೊಂಡುಬಿಡಿ ಅಂತ ಮಂಡಿಯಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ನನಗೆ ಅದು ಇಷ್ಟವಿಲ್ಲ. ಕೊನೆಗೆ ಅದರ ಹೊಡೆತ ಡ್ರೈವರ್ ಹೊಟ್ಟೆಗೆ ಬೀಳುತ್ತೆ, ಒಳ್ಳೆ ತಾಡಪತ್ರಿ ಕೊಡಿಸದ ಮಾಲೀಕ ಆರಾಮಾಗಿರ್ತಾನೆ. ಆ ದಾರಿ ಹಿಡಿದರೂ ಯಾವುದಕ್ಕೆ ಎಷ್ಟು ಕಡಿತ ಅಂತ ಇಬ್ಬರೂ ಬರೆದು ಸಹಿ ಹಾಕಿ.

ಇನ್ಸೂರೆನ್ಸ್ ಇದ್ದರೆ ಅವರಿಗೂ ತಕ್ಷಣ ತಿಳಿಸಿ. ಟ್ರಾನ್ಸ್‌ಪೋರ್ಟ್‌ನವರಿಗೆ ಕೊಟ್ಟ ನೋಟಿಸಿನ ಪ್ರತಿ ಅವರೂ ಕೇಳ್ತಾರೆ. ಪಾಲಿಸಿಯಲ್ಲಿ ಸಾಗಣೆ ವಿಮೆಯ ಷರತ್ತು (ಕ್ಲಾಸ್) ‘ಎ’ ಇದೆಯಾ ‘ಬಿ’ ಇದೆಯಾ ನೋಡಿ. ‘ಬಿ’ಯಲ್ಲಿ ಬೆಂಕಿ, ಡಿಕ್ಕಿ, ಲಾರಿ ಪಲ್ಟಿ ಇಂಥವಷ್ಟೇ ಬರುತ್ತವೆ. ಮಳೆಗೆ ನೆನೆದದ್ದಕ್ಕೆ ಅದು ಉಪಯೋಗಕ್ಕೆ ಬಾರದು.

ನೋಟಿಸಿನಲ್ಲಿ ಎಲ್‌ಆರ್ ನಂಬರು, ಬುಕ್ ಮಾಡಿದ ತಾರೀಖು, ಲಾರಿ ನಂಬರು, ನೆನೆದ ಚೀಲ ಎಷ್ಟು, ದುಡ್ಡು ಎಷ್ಟು ಅಂತ ಬರೆಯಿರಿ. ಇಳಿಸುವಾಗ ಪಾರ್ಟಿಯವರು ಡೆಲಿವರಿ ಪ್ರತಿಯ ಮೇಲೆ ‘ಇಷ್ಟು ಚೀಲ ನೆನೆದಿವೆ’ ಅಂತ ಬರೆದಿದ್ದರೆ ಅದರ ಜೆರಾಕ್ಸ್ ಲಗತ್ತಿಸಿ. ಒಂದು ಪ್ರತಿ ಸಿಂಧನೂರಿನ ಬುಕಿಂಗ್ ಆಫೀಸಿಗೆ, ಇನ್ನೊಂದು ಬಿಲ್ಟಿಯ ಮೇಲಿರುವ ಹೆಡ್ ಆಫೀಸ್ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಪೋಸ್ಟ್ ರಸೀದಿಯನ್ನು ಬಿಲ್ಟಿಗೇ ಪಿನ್ ಮಾಡಿ ಇಡಿ. ಉತ್ತರ ಬರದಿದ್ದರೆ ಆಮೇಲೆ ವಕೀಲರ ಹತ್ತಿರ ಹೋಗಿ.