ಮಡಚುವ ಮೊದಲು ಒಣಗಿದೆಯಾ ನೋಡಿ

ಪ್ರಶ್ನೆ: ಅಕ್ಕಾ, ಮಕ್ಕಳಿಬ್ಬರ ಯೂನಿಫಾರ್ಮ್ ಎಷ್ಟು ಜಾಗ್ರತೆಯಿಂದ ಮಡಚಿಟ್ಟರೂ ಬೆಳಿಗ್ಗೆ ತೆಗೆಯುವಾಗ ಸುಕ್ಕು. ಅಂಗಿ ಮಡಚುವ ಪ್ಲಾಸ್ಟಿಕ್ ಹಲಗೆ ಆನ್‌ಲೈನ್‌ನಲ್ಲಿ ಸಿಗುತ್ತದಂತೆ. ತರಿಸಬಹುದಾ?
– ಓದುಗರು, ಬದಿಯಡ್ಕ

ದುಡ್ಡು ಖರ್ಚು ಮಾಡಬೇಡಿ. ಅಂಗಡಿಯಿಂದ ಸಾಮಾನು ತಂದ ರಟ್ಟಿನ ಪೆಟ್ಟಿಗೆ ಮನೆಯಲ್ಲಿ ಇದ್ದೇ ಇರುತ್ತದೆ ಅಲ್ವಾ, ಅದು ಸಾಕು. ಮಕ್ಕಳ ಅಂಗಿಗಾದರೆ 22 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ. ಅದೇ ಅಗಲದ, 30 ಸೆಂ.ಮೀ. ಉದ್ದದ ಇನ್ನೆರಡು ತುಂಡು ಬೇಕು. ಚಿಕ್ಕವೆರಡನ್ನು ಮೇಲೆ ಕೆಳಗೆ ಇಟ್ಟು, ಉದ್ದದವನ್ನು ಎಡಕ್ಕೊಂದು ಬಲಕ್ಕೊಂದು ಇಡಿ. ತುಂಡುಗಳ ನಡುವೆ ಅರ್ಧ ಸೆಂ.ಮೀ. ಜಾಗ ಬಿಟ್ಟು ಅಗಲದ ಟೇಪು ಅಂಟಿಸಿ. ಜಾಗ ಬಿಡದಿದ್ದರೆ ರಟ್ಟು ಮಗುಚುವುದಿಲ್ಲ. ಉದ್ದದ ತುಂಡುಗಳನ್ನು ನಡುವಿನ ಮೇಲಿನ ತುಂಡಿಗೆ ಮಾತ್ರ ಅಂಟಿಸಬೇಕು. ಕೆಳಗಿನ ಚಿಕ್ಕ ತುಂಡು ಬದಿಗಳಿಗೆ ಅಂಟದೆ ಸ್ವತಂತ್ರವಾಗಿ ಏಳಬೇಕು.

ಅಂಗಿಯ ಮೇಲಿನ ಗುಬ್ಬಿ, ನಡುವಿನದ್ದು, ಕೊನೆಯದ್ದು ಇಷ್ಟು ಹಾಕಿ ಬೋರಲು ಮಲಗಿಸಿ. ಕಾಲರ್ ನಡುವಿನ ತುಂಡಿನ ಮೇಲ್ತುದಿಗೆ ಬರಲಿ. ಎಡ ರಟ್ಟು ಮಗುಚಿ, ವಾಪಸ್ ಬಿಡಿ. ಬಲ ರಟ್ಟೂ ಹಾಗೆಯೇ. ಕೈ ಹೊರಗೆ ಉಳಿದರೆ ಒಳಕ್ಕೆ ತಿರುಗಿಸಿ. ಕೊನೆಗೆ ಕೆಳಗಿನ ತುಂಡು ಎತ್ತಿ. ಎಲ್ಲ ಅಂಗಿಗಳೂ ಒಂದೇ ಅಳತೆಗೆ ಬರುತ್ತವೆ. ನಮ್ಮ ಮನೆಯ ಮಕ್ಕಳು ಈ ರಟ್ಟು ಕಂಡ ಮೇಲೆ ತಮ್ಮ ಅಂಗಿ ತಾವೇ ಮಡಚತೊಡಗಿದರು. ನಿಮ್ಮ ಮಕ್ಕಳ ಕೈಗೂ ಕೊಟ್ಟು ನೋಡಿ.

ಆದರೆ ಸುಕ್ಕು ಹುಟ್ಟುವುದು ಮಡಚುವಾಗ ಅಲ್ಲ, ಒಣಹಾಕುವಾಗ. ಒಗೆದ ವಸ್ತ್ರ ಬಕೆಟಿನಲ್ಲಿ ಮುದ್ದೆಯಾಗಿ ಕೂರಬಾರದು. ಒಂದೊಂದನ್ನೂ ಜೋರಾಗಿ ಕೊಡಹಿ, ಕಾಲರ್ ಮತ್ತು ಗುಬ್ಬಿಪಟ್ಟಿಯನ್ನು ಬೆರಳಿನಲ್ಲಿ ಎಳೆದು ಸಮ ಮಾಡಿ ಹಾಕಿ. ಹುಡುಗಿಯ ಸ್ಕರ್ಟಿನ ನೆರಿಗೆಗಳನ್ನು ಚಂಡಿ ಇರುವಾಗಲೇ ಕೂಡಿಸಿ, ಕೆಳ ಅಂಚಿಗೆ ಕ್ಲಿಪ್ಪು ಹಾಕಿ ಒಣಗಲು ಬಿಡಿ. ಇಸ್ತ್ರಿಯ ಕೆಲಸ ಅರ್ಧ ಉಳಿಯುತ್ತದೆ.

ಪ್ರಶ್ನೆ: ಆಟಿ ತಿಂಗಳು ಬಂತೆಂದರೆ ಕಪಾಟು ತೆರೆಯಲಿಕ್ಕೇ ಬೇಜಾರು. ಚಂದ ಮಡಚಿಟ್ಟ ವಸ್ತ್ರಗಳಲ್ಲೂ ಮುಗ್ಗಲು ವಾಸನೆ. ನುಸಿಗುಳಿಗೆ ಹಾಕಿದರೂ ಹೋಗುವುದಿಲ್ಲ.
– ಓದುಗರು, ಪೆರ್ಲ

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ದಿನಗಳಲ್ಲಿ ಗಾಳಿಯಲ್ಲೇ ನೀರಿರುವಾಗ ಬಳ್ಳಿಯಲ್ಲಿ ಎರಡು ದಿನ ನೇತಾಡಿದ ಮಾತ್ರಕ್ಕೆ ವಸ್ತ್ರ ಒಣಗಿತು ಎಂದು ಹೇಳಲಾಗುವುದಿಲ್ಲ. ಬಟ್ಟೆ ಒಣಗಿದಂತೆ ಕಂಡರೂ ಹೊಲಿಗೆ ಒಣಗಿರುವುದಿಲ್ಲ. ಪ್ಯಾಂಟಿನ ಸೊಂಟಪಟ್ಟಿ, ಕಿಸೆಯ ಮೂಲೆ, ಕಂಕುಳ ಹೊಲಿಗೆ, ರವಿಕೆಯ ಅಂಚು – ಇವನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ತೇವ ಇದೆ. ಅಂಥದ್ದನ್ನು ಒತ್ತಿ ಒತ್ತಿ ಮಡಚಿದರೆ ತೇವ ಹೊರಗೆ ಹೋಗುವ ದಾರಿ ಇಲ್ಲದೆ ಬೂಸ್ಟು ಬರುತ್ತದೆ. ನೀವು ಎಷ್ಟು ಚಂದ ಮಡಚುತ್ತೀರೋ ಅಷ್ಟು ಬೇಗ ವಾಸನೆ ಬರುವುದು ಇದಕ್ಕೇ.

ಮಳೆಗಾಲದಲ್ಲಿ ಹೊಲಿಗೆಯ ಜಾಗಕ್ಕೆ ಒಳಮೈಯಿಂದ ಇಸ್ತ್ರಿ ಹಾಕಿ. ಹಬೆ ಎದ್ದರೆ ಇನ್ನೂ ಬೇಕು ಎಂದರ್ಥ. ಇಸ್ತ್ರಿಯ ಬಿಸಿ ಇರುವಾಗಲೇ ಮಡಚಬೇಡಿ, ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಮಂಚದ ಮೇಲೆ ಹರಡಿಡಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು ಅಂಗಳದಲ್ಲಿದ್ದರೆ, ಅಡಿಕೆ ಇಲ್ಲದ ದಿನ ಅಲ್ಲಿ ಬಳ್ಳಿ ಕಟ್ಟಿ. ಎರಡೂ ಬದಿ ತೆರೆದಿಡಿ, ಗಾಳಿ ಆಡಲಿ.

ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತನ್ನಿ. ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಎಷ್ಟು ನೀರು ಕುಡಿಯುತ್ತದೆ ಎಂದು ನಿಮಗೆ ಗೊತ್ತು. ಬೈರಾಸು, ಬನಿಯನ್‌ಗಳನ್ನು ರಾಶಿ ಹಾಕುವ ಬದಲು ಸಡಿಲವಾಗಿ ಸುರುಳಿ ಸುತ್ತಿ ಚಪ್ಪಲಿ ಡಬ್ಬದಲ್ಲಿ ನಿಲ್ಲಿಸಿ. ಹೀಗೆ ನಿಲ್ಲಿಸಿಡುವ ಕ್ರಮವನ್ನು ಜಪಾನಿನ ಮಾರಿ ಕೊಂಡೊ ಜಗತ್ತಿಗೆಲ್ಲ ಹೇಳಿಕೊಟ್ಟರು. ಅವರು ಹೇಳಿದ್ದು ಬೇಕಾದ್ದು ಸುಲಭವಾಗಿ ಕಣ್ಣಿಗೆ ಬೀಳಲಿ ಎಂದು. ನಮಗೆ ಇನ್ನೊಂದು ಲಾಭ, ನಡುವೆ ಗಾಳಿ ಹೋಗುತ್ತದೆ. ನುಸಿಗುಳಿಗೆ ಹುಳವನ್ನು ದೂರ ಇಡುತ್ತದೆಯೇ ಹೊರತು ತೇವ ಹೀರುವುದಿಲ್ಲ. ಗೆರಟೆಯ ಮಸಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಿ, ಬಿಸಿಲು ಕಂಡ ದಿನ ಚೀಲವನ್ನು ಅಂಗಳಕ್ಕೆ ಹಾಕಿ ಒಣಗಿಸಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಹೆಂಡತಿ ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಮೊಮ್ಮಗಳಿಗೆಂದು ಇಟ್ಟಿದ್ದೇನೆ. ಹೆಚ್ಚಿನವು ನೂಲಿನವು, ಎರಡು ರೇಷ್ಮೆ. ಒಬ್ಬನೇ ಮಡಚುವಾಗ ಸೆರಗು ಒಂದು ಕಡೆ, ಅಂಚು ಇನ್ನೊಂದು ಕಡೆ ಹೋಗುತ್ತದೆ.
– ಓದುಗರು, ಮುಳ್ಳೇರಿಯ

ಮಾಷ್ಟ್ರೇ, ಐದೂವರೆ ಮೀಟರ್ ಬಟ್ಟೆಗೆ ಇನ್ನೆರಡು ಕೈ ಬೇಕಾಗುತ್ತದೆ. ಆ ಕೈಗಳ ಕೆಲಸವನ್ನು ಜಗಲಿಯ ಬಳ್ಳಿಯಿಂದ ಮಾಡಿಸಿ. ಸೀರೆಯನ್ನು ಉದ್ದಕ್ಕೆ ಬಳ್ಳಿಯ ಮೇಲೆ ಹಾಕಿ, ಎರಡು ಅಂಚುಗಳೂ ಕೆಳಗೆ ಸಮ ಬರುವ ಹಾಗೆ ಎಳೆಯಿರಿ. ಅಗಲ ಅಲ್ಲಿಗೇ ಅರ್ಧವಾಯಿತು. ಎರಡು ಮೂರು ಕ್ಲಿಪ್ಪು ಹಾಕಿದರೆ ಜಾರುವುದಿಲ್ಲ. ಇನ್ನು ಸೆರಗಿನ ತುದಿ ಹಿಡಿದು, ಕ್ಲಿಪ್ಪು ತೆಗೆಯುತ್ತಾ ಇನ್ನೊಂದು ತುದಿಯವರೆಗೆ ನಡೆಯಿರಿ. ತುದಿಗೆ ತುದಿ ಕೂಡಿಸಿ ಅಲ್ಲಿ ಮತ್ತೆ ಕ್ಲಿಪ್ಪು ಹಾಕಿ. ಮತ್ತೊಮ್ಮೆ ಹೀಗೆ ಮಾಡಿದರೆ ಒಂದೂಕಾಲು, ಒಂದೂವರೆ ಮೀಟರಿನಷ್ಟು ಉಳಿಯುತ್ತದೆ. ಅದನ್ನು ತೋಳಿನ ಮೇಲೆ ಇಳಿಸಿಕೊಂಡು ಮಂಚದ ಮೇಲೆ ಹಾಸಿ, ಇನ್ನೆರಡು ಮಡಿಕೆ ಹಾಕಿ. ಬಳ್ಳಿ ಗಿಡ್ಡ ಇದ್ದರೆ ಎರಡೂ ತುದಿಗಳನ್ನು ಕೂಡಿಸಿ ಕಿಟಕಿಯ ಸರಳಿಗೆ ಕ್ಲಿಪ್ಪು ಹಾಕಿ, ನಡುವಿನ ಮಡಿಕೆ ಹಿಡಿದು ಹಿಂದಕ್ಕೆ ಸರಿಯಿರಿ. ಅಂಚು ತಾನಾಗಿಯೇ ಸಮವಾಗುತ್ತದೆ.

ನೂಲಿನ ಸೀರೆಗಳಲ್ಲಿ ನಮ್ಮ ಕಾಸರಗೋಡು ಸೀರೆಯೂ ಇರಬಹುದು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೈಮಗ್ಗದ ಸೀರೆ ಅದು, ಜೋಪಾನ ಮಾಡಿದರೆ ಮೊಮ್ಮಗಳು ಧಾರಾಳವಾಗಿ ಉಡುತ್ತಾಳೆ. ವರ್ಷಗಟ್ಟಲೆ ಇಡುವುದಾದರೆ ಗಂಜಿ ಹಾಕಿ ಇಡಬೇಡಿ. ಗಂಜಿಯ ಆಸೆಗೆ ಜಿರಳೆ, ಹುಳ ಬರುತ್ತವೆ, ಬೂಸ್ಟೂ ಬೇಗ ಹಿಡಿಯುತ್ತದೆ. ನೀರಿನಲ್ಲಿ ಗಂಜಿ ಪೂರ್ತಿ ಬಿಡಿಸಿ, ನೆರಳಿನಲ್ಲಿ ಒಣಗಿಸಿ ಮಡಚಿ. ಉಡುವ ಹಿಂದಿನ ದಿನ ಗಂಜಿ ಹಾಕಿದರಾಯಿತು. ಬಿಳಿ, ತಿಳಿ ಬಣ್ಣದ್ದಕ್ಕೆ ಕುಚ್ಚಲಕ್ಕಿಯ ತಿಳಿ ಬೇಡ, ಬಣ್ಣ ಹಿಡಿಯುತ್ತದೆ. ಬೆಳ್ತಿಗೆ ಅಕ್ಕಿಯದ್ದೇ ಆಗಬೇಕು.

ರೇಷ್ಮೆಗೆ ಮಡಿಕೆಯೇ ಶತ್ರು. ಒಂದೇ ಗೆರೆಯಲ್ಲಿ ವರ್ಷ ಕಳೆದರೆ ಅಲ್ಲೇ ಬಿರಿಯುತ್ತದೆ, ಜರಿ ಇರುವ ಕಡೆ ಇನ್ನೂ ಬೇಗ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗೆ ಹರಡಿ, ಈ ಸಲ ನಾಲ್ಕು ಮಡಿಕೆ ಹಾಕಿದ್ದರೆ ಮುಂದಿನ ಸಲ ಮೂರು ಹಾಕಿ. ಜರಿ ಒಳಗೆ ಬರಲಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ನಿಮ್ಮ ಹಳೆಯ ಬಿಳಿ ಮುಂಡನ್ನು ಗಂಜಿ ಇಲ್ಲದಂತೆ ಒಗೆದು ಅದರಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು. ನನ್ನ ಅತ್ತೆ ಅದರ ಬದಲು ಲಾವಂಚದ ಬೇರಿನ ಕಟ್ಟು ಇಡುತ್ತಿದ್ದರು, ನಾನೂ ಅದನ್ನೇ ಇಡುತ್ತೇನೆ. ಆ ಪರಿಮಳ ನಿಮ್ಮ ಮೊಮ್ಮಗಳಿಗೂ ಇಷ್ಟವಾಗಬಹುದು.

ಪ್ರಶ್ನೆ: ಎಲಾಸ್ಟಿಕ್ ಇರುವ ಬೆಡ್‌ಶೀಟ್ ಮಡಚುವುದು ಹೇಗೆ?
– ಓದುಗರು, ಉಪ್ಪಳ

ಒಳಮೈ ಹೊರಗೆ ಮಾಡಿ, ಪಕ್ಕಪಕ್ಕದ ಎರಡು ಮೂಲೆಗಳಿಗೆ ಒಂದೊಂದು ಕೈ ತೂರಿಸಿ. ಬಲಗೈ ಮೂಲೆಯನ್ನು ಎಡಗೈ ಮೂಲೆಯ ಮೇಲೆ ಮಗುಚಿ ಟೊಪ್ಪಿಯಂತೆ ಹಾಕಿ. ಉಳಿದೆರಡು ಮೂಲೆಗಳನ್ನೂ ಒಂದೊಂದಾಗಿ ಅದರ ಮೇಲೆಯೇ ಕೂರಿಸಿ. ಮಂಚದ ಮೇಲೆ ಹಾಸಿ, ಎಲಾಸ್ಟಿಕ್ ಇರುವ ಎರಡು ಬದಿಯನ್ನು ಒಳಕ್ಕೆ ಮಡಚಿದರೆ ಚೌಕವಾಗುತ್ತದೆ. ಆಮೇಲೆ ಎಲ್ಲ ಬೆಡ್‌ಶೀಟಿನ ಹಾಗೆಯೇ. ಅದರದ್ದೇ ತಲೆದಿಂಬಿನ ಕವರಿನೊಳಗೆ ಇಟ್ಟರೆ ಜೋಡಿ ಹುಡುಕುವ ಕೆಲಸವಿಲ್ಲ.